ಅಕ್ಕನ ಗಾಜಿನ ತೊಟ್ಟಿ

ಅಕ್ಕನನ್ನು ಅವಳ ಮಾವ ಒಂದು ತಗಡಿನ ಟ್ರಂಕಿನ ಸಮೇತ ಮಾಲೂರಿನ ನಮ್ಮ ಮನೆಗೆ ತಂದು ಬಿಟ್ಟುಹೋದಾಗ ನನಗೆ ಇಪ್ಪತ್ನಾಲ್ಕು, ಅವಳಿಗೆ ಇಪ್ಪತ್ತೇಳು. ಎಪ್ಪತ್ತರ ದಶಕ ಅರ್ಧ ಕಳೆದಿತ್ತು. ಹೆಂಚಿನ ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿದ್ದ ಅಪ್ಪ ತೀರಿಕೊಂಡು ಮೂರು ವರ್ಷವಾಗಿತ್ತು. ನಾನು ಊರಿನ ಹೈಸ್ಕೂಲಿನಲ್ಲಿ ಆಗತಾನೆ ವಿಜ್ಞಾನದ ಮೇಷ್ಟ್ರಾಗಿ ಸೇರಿದ್ದೆ. ಮನೆಯಲ್ಲಿ ಅಮ್ಮ, ನಾನು ಇಬ್ಬರೇ ಇದ್ದೆವು.

ಅಕ್ಕನ ಮಾವ ಕೆಟ್ಟ ಮಾತೇನೂ ಆಡಲಿಲ್ಲ. ಕಾಫಿ ಕುಡಿದರು. "ಒಂದಷ್ಟು ದಿನ ಇಲ್ಲೇ ಇರಲಮ್ಮ, ವಾಸಿ ಆದ್ಮೇಲೆ ಹೇಳಿ ಕಳಿಸಿ, ನಾವೇ ಬಂದು ಕರ್ಕೊಂಡು ಹೋಗ್ತೀವಿ" ಎಂದು ಅಮ್ಮನಿಗೆ ಕೈ ಮುಗಿದು ಮುಳಬಾಗಿಲಿನ ಬಸ್ಸಿಗೆ ಹೊರಟರು. ವಾಸಿಯಾಗಬೇಕಾಗಿದ್ದದ್ದು ತೊನ್ನು. ಮದುವೆಯಾದ ವರ್ಷಕ್ಕೆ ತುಟಿಯ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಬಿಳಿ ಕಾಣಿಸಿಕೊಂಡಿತ್ತಂತೆ. ನಮ್ಮ ಮನೆಗೆ ಬರುವ ಹೊತ್ತಿಗೆ ಅದು ಎರಡೂ ಕೈಯ ಬೆರಳುಗಳಿಗೆ, ಮಣಿಕಟ್ಟಿಗೆ, ಕಣ್ಣಿನ ಸುತ್ತ ಹರಡಿತ್ತು. ಕೋಲಾರದ ಡಾಕ್ಟರೊಬ್ಬರಿಗೆ ತೋರಿಸಿದೆ. ಅವರು "ಇದು ಅಂಟೋ ಕಾಯಿಲೆ ಅಲ್ಲ, ಇದರಿಂದ ಏನೂ ತೊಂದರೆ ಇಲ್ಲ" ಎಂದರು. ತೊಂದರೆ ಇಲ್ಲ ಎಂದು ಅವರು ಹೇಳುವಾಗ ಅಕ್ಕ ಸೆರಗಿನಲ್ಲಿ ಕೈ ಮುಚ್ಚಿಕೊಂಡು ಕೂತಿದ್ದಳು.

ಆಮೇಲೆ ಅವಳು ಹೊಸ್ತಿಲು ದಾಟುವುದನ್ನೇ ಬಿಟ್ಟಳು. ನೀರಿಗೆ ಅಮ್ಮ ಹೋಗುತ್ತಿದ್ದಳು, ಅಂಗಡಿಗೆ ನಾನು. ಅಕ್ಕ ಹಿತ್ತಲಿನಲ್ಲಿ ಪಾತ್ರೆ ತೊಳೆಯುತ್ತಿದ್ದಳು, ರಾಗಿ ಕೇರುತ್ತಿದ್ದಳು, ಯಾರಾದರೂ ಬಾಗಿಲು ಬಡಿದರೆ ಒಳಕೋಣೆಗೆ ಸರಿದುಬಿಡುತ್ತಿದ್ದಳು. ಮದುವೆಗೆ ಮುಂಚೆ ಬೀದಿಯ ಆ ತುದಿಯವರೆಗೂ ಕೇಳಿಸುವ ಹಾಗೆ ನಗುತ್ತಿದ್ದವಳು.

ಸ್ಕೂಲಿನ ಲ್ಯಾಬಿನಲ್ಲಿ ಹೈಡ್ರಿಲಾ ಗಿಡದ ಪ್ರಯೋಗ ಮಾಡಿ ತೋರಿಸಬೇಕಾಗಿತ್ತು. ನೀರಿನೊಳಗೆ ಬೆಳೆಯುವ ಆ ಗಿಡವನ್ನು ಬಿಸಿಲಿಗೆ ಇಟ್ಟರೆ ಎಲೆಗಳಿಂದ ಗುಳ್ಳೆ ಗುಳ್ಳೆಯಾಗಿ ಆಮ್ಲಜನಕ ಹೊರಡುತ್ತದೆ. ಒಂದು ಭಾನುವಾರ ಗಿಡ ತಂದು, ಸರಿಯಾಗಿದೆಯೋ ಇಲ್ಲವೋ ನೋಡೋಣವೆಂದು ಮನೆಯಲ್ಲೇ ಗಾಜಿನ ಜಾಡಿಯಲ್ಲಿ ಹಾಕಿ ಕಿಟಕಿಯಲ್ಲಿಟ್ಟಿದ್ದೆ. ಸಂಜೆ ನೋಡಿದರೆ ಅಕ್ಕ ಅದರ ಎದುರಿಗೆ ಮಣೆ ಹಾಕಿಕೊಂಡು ಕೂತಿದ್ದಳು.

"ಎಷ್ಟು ಹೊತ್ತಿಂದ ಕೂತಿದ್ದೀಯ?" ಎಂದೆ.

"ಮಧ್ಯಾಹ್ನದಿಂದ. ಬಿಸಿಲು ಹೋದ್ಮೇಲೆ ಗುಳ್ಳೆ ಬರೋದು ನಿಂತೋಯ್ತು ಕಣೋ. ಉಸಿರು ಬಿಡ್ತಾ ಇತ್ತು ಅನ್ಸುತ್ತೆ, ಅಲ್ವಾ?"

ಬಂದ ಆರು ತಿಂಗಳಲ್ಲಿ ಅವಳಾಗಿ ನನ್ನನ್ನು ಕೇಳಿದ ಮೊದಲ ಪ್ರಶ್ನೆ ಅದು. ಆ ಜಾಡಿಯನ್ನು ನಾನು ಸ್ಕೂಲಿಗೆ ವಾಪಸು ಒಯ್ಯಲಿಲ್ಲ. ಅವಳಿಗೆ ಒಂದು ದೊಡ್ಡ ತೊಟ್ಟಿಯನ್ನೇ ಮಾಡಿಸಿಕೊಡಬೇಕೆಂದು ಅವತ್ತೇ ಅನ್ನಿಸಿತು.

ಆಗ ನಮ್ಮ ಕಡೆ ಮೀನಿನ ತೊಟ್ಟಿ ಸಿದ್ಧವಾಗಿ ಸಿಗುತ್ತಿರಲಿಲ್ಲ. ಕೋಲಾರದಲ್ಲಿ ಗಡಿಯಾರ ಗೋಪುರದ ಹತ್ತಿರ ಟ್ರಂಕು ಮಾಡುವ ಸಾಬರೊಬ್ಬರಿದ್ದರು, ವಯಸ್ಸಾದವರು. ಅವರ ಹತ್ತಿರ ಹೋಗಿ ಕಬ್ಬಿಣದ ಪಟ್ಟಿಯ ಚೌಕಟ್ಟು, ನಾಲ್ಕು ಕಡೆ ಗಾಜು, ಮೂರಡಿ ಉದ್ದ ಎಂದು ಕಾಗದದಲ್ಲಿ ಬರೆದು ತೋರಿಸಿದೆ. ಅವರು ಕನ್ನಡಕವನ್ನು ಹಣೆಗೆ ಏರಿಸಿಕೊಂಡು ನೋಡಿದರು.

"ಟ್ರಂಕು ಅಂದ್ರೆ ಮಾಡ್ತೀನಿ ಮೇಷ್ಟ್ರೇ. ಇದು ಪಾನಿ ಕಾ ಮಾಮ್ಲಾ. ನೀರು ಯಾರ ಮಾತೂ ಕೇಳಲ್ಲ. ಸೋರಿದ್ರೆ ನನ್ನನ್ನ ಬಯ್ಯಬಾರ್ದು."

"ಬಯ್ಯೋದಿಲ್ಲ ಸಾಬರೇ, ಮಾಡಿಕೊಡಿ."

ಚೌಕಟ್ಟಿಗೆ ಕೆಂಪು ಬಣ್ಣ ಬಳಿದು, ಗಾಜನ್ನು ಕಿಟಕಿಗೆ ಕೂರಿಸುವ ಹಾಗೆ ಪುಟ್ಟಿ ಮೆತ್ತಿ ಕೂರಿಸಿದರು. ಹುಲ್ಲು ಸುತ್ತಿ, ಬಸ್ಸಿನ ಟಾಪಿನ ಮೇಲೆ ಹಾಕಿಕೊಂಡು ತಂದೆ. ನೀರು ತುಂಬಿದ ತಕ್ಷಣ ಮೂರು ಮೂಲೆಯಲ್ಲಿ ಸೋರಿತು. ಮತ್ತೆ ಕೋಲಾರಕ್ಕೆ ಹೋಗಿ ಹೇಳಿದಾಗ ಸಾಬರು ನಕ್ಕು, "ನೀರು ತುಂಬಿ ಹಾಗೇ ಬಿಡಿ. ನೀರಿನ ಭಾರಕ್ಕೆ ಗಾಜು ಪುಟ್ಟೀನ ಒತ್ತುತ್ತೆ, ತಾನೇ ಕೂರುತ್ತೆ. ಸಬರ್ ಬೇಕು, ಸ್ವಲ್ಪ ತಾಳ್ಮೆ" ಎಂದರು. ಅಕ್ಕ ಒಂದು ವಾರ ತೊಟ್ಟಿಯ ಕೆಳಗೆ ಬಟ್ಟೆ ಹಾಸಿ, ಹಿಂಡಿ, ಮತ್ತೆ ಹಾಸಿದಳು. ಎಂಟನೇ ದಿನ ಬಟ್ಟೆ ಒಣಗಿಯೇ ಇತ್ತು. ಒಂದು ಮೂಲೆ ಮಾತ್ರ ಕೊನೆಯವರೆಗೂ ಸ್ವಲ್ಪ ಜಿನುಗುತ್ತಿತ್ತು. ಅಲ್ಲಿ ಅಪ್ಪನ ಕಾಲದ ಹೆಂಚಿನ ತುಂಡಿಟ್ಟು ಅದರ ಮೇಲೆ ಅಮ್ಮ ದೊಡ್ಡಪತ್ರೆ ಕುಂಡ ಇಟ್ಟಳು.

ತೊಟ್ಟಿಯನ್ನು ಪಡಸಾಲೆಯಲ್ಲಿ, ಬಾಗಿಲಿನ ಪಕ್ಕದ ಪೂರ್ವದ ಕಿಟಕಿಗೆ ಎದುರಾಗಿ ಕಲ್ಲಿನ ಜಗುಲಿಯ ಮೇಲಿಟ್ಟಿದ್ದೆವು. ಇಡುವಾಗ ಬೇರೇನೂ ಯೋಚಿಸಲಿಲ್ಲ. ಅಷ್ಟು ಭಾರ ಹೊರುವ ಜಾಗ ಮನೆಯಲ್ಲಿ ಅದೊಂದೇ ಇತ್ತು.

ಮೊದಲ ಪ್ರಯತ್ನ ಪೂರ್ತಿ ಹಾಳಾಯಿತು. ಬಾವಿಯ ನೀರು ತುಂಬಿ, ಮರಳು ಹಾಕಿ, ಗಿಡ ನೆಟ್ಟು, ಅದೇ ದಿನ ಕೆರೆಯಿಂದ ತಂದ ಸಣ್ಣ ಮೀನುಗಳನ್ನು ಬಿಟ್ಟುಬಿಟ್ಟೆ. ವಿಜ್ಞಾನದ ಮೇಷ್ಟ್ರೆಂಬ ಗರ್ವ. ಮೂರನೇ ದಿನಕ್ಕೆ ನೀರು ಗಂಜಿಯ ಹಾಗಾಯಿತು, ಮೀನುಗಳು ಹೊಟ್ಟೆ ಮೇಲೆ ಮಾಡಿ ತೇಲಿದವು. ಗಿಡಗಳು ಕೊಳೆತವು. ಗಾಜಿನ ಮೇಲೆ ಸುಣ್ಣದ ಪರೆ ಕಟ್ಟಿತು. ನಮ್ಮ ಊರಿನ ಬಾವಿಯ ನೀರೇ ಹಾಗೆ, ಬೇಳೆ ಬೇಯುವುದಿಲ್ಲ.

ಇನ್ನೊಮ್ಮೆ ಮಾಡೋಣ ಎಂದದ್ದು ಅಕ್ಕ. ಈ ಸಲ ಎಲ್ಲ ಅವಳದೇ ಯೋಚನೆ. "ಮೀನು ಆಮೇಲೆ. ಮೊದ್ಲು ಗಿಡ ಊರಿಕೊಳ್ಳಲಿ. ನಾವೂ ಹೊಸ ಮನೆಗೆ ಹೋದ್ರೆ ಒಲೆ ಹತ್ತಿಸಿದ್ಮೇಲೆ ತಾನೆ ನೆಂಟರನ್ನ ಕರೆಯೋದು?" ಎಂದಳು. ಗಿಡ ಎಲ್ಲಿ ಚೆನ್ನಾಗಿ ಬೆಳೆಯುತ್ತದೆ ಎಂದು ಕೇಳಿದಳು. ಹೆಂಚಿಗಾಗಿ ಮಣ್ಣು ತೆಗೆದ ಗುಂಡಿಗಳಲ್ಲಿ ಎಂದೆ. ಮಳೆನೀರು ನಿಂತು ನಿಂತು ಆ ಗುಂಡಿಗಳು ಕೊಳಗಳಾಗಿದ್ದವು, ತಳದಲ್ಲಿ ರಿಬ್ಬನ್ನಿನಂಥ ಉದ್ದ ಹುಲ್ಲು ಓಲಾಡುತ್ತಿತ್ತು. "ಹಾಗಾದ್ರೆ ಅಲ್ಲಿನ ಮಣ್ಣೇ ತಾ. ಅಲ್ಲಿನ ನೀರೂ ತಾ" ಎಂದಳು. ನಾನು ಸೈಕಲ್ಲಿಗೆ ಎರಡು ಡಬ್ಬ ಕಟ್ಟಿಕೊಂಡು ಹೋಗಿ ಜೇಡಿಮಣ್ಣು ತಂದೆ. ಅವಳು ಅದನ್ನು ತೊಟ್ಟಿಯ ತಳಕ್ಕೆ ಎರಡು ಬೆರಳಿನಷ್ಟು ಮೆತ್ತಿ, ಅದರ ಮೇಲೆ ಮರಳು ಹರಡಿದಳು. ಮರಳನ್ನು, ತೊಳೆದ ನೀರು ಕುಡಿಯುವಷ್ಟು ತಿಳಿಯಾಗುವವರೆಗೂ ತೊಳೆದಿದ್ದಳು, ಎರಡು ದಿನ ಅದೇ ಕೆಲಸ. ಮರಳು ಕದಡದಿರಲೆಂದು ತಳದಲ್ಲಿ ಊಟದ ತಟ್ಟೆ ಇಟ್ಟು, ತಟ್ಟೆಯ ಮೇಲೆ ಚೊಂಬಿನಿಂದ ನೀರು ಇಳಿಬಿಟ್ಟಳು. ಗಿಡಗಳನ್ನು ಒಂದೊಂದಾಗಿ, ಬೇರು ಮುಚ್ಚುವಷ್ಟೇ ನೆಟ್ಟಳು. ಹಿಂದುಗಡೆ ಉದ್ದ ಹುಲ್ಲು, ಪಕ್ಕದಲ್ಲಿ ಹೈಡ್ರಿಲಾ, ಮುಂದೆ ಖಾಲಿ ಮರಳು.

ಒಂದು ತಿಂಗಳು ಏನೂ ಆಗಲಿಲ್ಲ. ಎಲೆಗಳು ಕಂದಿದವು. ಅವಳು ಕೊಳೆತ ಎಲೆಯನ್ನು ದಿನಾ ತೆಗೆದು ದೊಡ್ಡಪತ್ರೆಯ ಕುಂಡಕ್ಕೆ ಹಾಕುತ್ತಿದ್ದಳು. ಬಿಸಿಲು ಹೆಚ್ಚಾಗಿ ನೀರು ಹಸಿರಾದಾಗ ಅಮ್ಮನ ಹಳೇ ಸೀರೆಯನ್ನು ಕಿಟಕಿಗೆ ಕಟ್ಟಿದಳು, ಬೆಳಗ್ಗೆ ಒಂದಿಷ್ಟು ಹೊತ್ತು ಮಾತ್ರ ಸರಿಸುತ್ತಿದ್ದಳು. ಗಾಜಿನ ಪರೆಯನ್ನು ಹುಣಸೆಹಣ್ಣು ಹಚ್ಚಿ ಉಜ್ಜುತ್ತಿದ್ದಳು. ತಳದ ಕಸವನ್ನು ರಬ್ಬರ್ ಕೊಳವೆಯಿಂದ ಬಾಯಲ್ಲಿ ಎಳೆದು ಬಕೆಟ್ಟಿಗೆ ಬಿಡುವಾಗ ಅಮ್ಮ ಮುಖ ಸಿಂಡರಿಸಿಕೊಳ್ಳುತ್ತಿದ್ದಳು. ಮಳೆಗಾಲದಲ್ಲಿ ಸೂರಿನ ಹೆಂಚಿನಿಂದ ಬೀಳುವ ನೀರನ್ನು ಹಿಡಿದು ಕೊಡಗಳಲ್ಲಿ ತುಂಬಿಟ್ಟುಕೊಂಡಳು, ತೊಟ್ಟಿಗೆ ಆ ನೀರೇ. ಒಂದು ಬೆಳಗ್ಗೆ ಕರೆದು ತೋರಿಸಿದಳು. ಉದ್ದ ಹುಲ್ಲಿನ ಒಂದು ಗಿಡ ಮರಳಿನ ಮೇಲೆ ಬಳ್ಳಿ ಚಾಚಿತ್ತು, ಗೇಣು ದೂರದಲ್ಲಿ ಒಂದು ಮರಿ ಗಿಡ ಎದ್ದಿತ್ತು.

ಆಮೇಲೆ ಮೀನು ಬಂದವು. ಸೊಳ್ಳೆಯ ಮರಿ ತಿನ್ನಲೆಂದು ಮಲೇರಿಯಾದವರು ಬಾವಿಗಳಿಗೆ ಬಿಟ್ಟಿದ್ದ ಬಣ್ಣದ ಬಾಲದ ಸಣ್ಣ ಮೀನುಗಳು, ಹತ್ತು. ಅವು ಸಾಯಲಿಲ್ಲ. ಎರಡು ತಿಂಗಳಿಗೆ ಮರಿ ಹಾಕಿದವು. ವರ್ಷ ತುಂಬುವ ಹೊತ್ತಿಗೆ ತೊಟ್ಟಿ ಒಂದು ಕಾಡಿನ ಹಾಗಾಗಿತ್ತು. ಬೆಳಗಿನ ಬಿಸಿಲು ಬಿದ್ದಾಗ ಎಲ್ಲ ಎಲೆಗಳಿಂದಲೂ ಗುಳ್ಳೆಗಳು ದಾರದ ಹಾಗೆ ಏಳುತ್ತಿದ್ದವು. ಮೋಟಾರು, ಪಂಪು ಒಂದೂ ಇರಲಿಲ್ಲ. ಆಮೇಲೆ ಬೆಂಗಳೂರಿನಲ್ಲಿ ಶ್ರೀಮಂತರ ಮನೆಗಳಲ್ಲಿ, ಹೋಟೆಲುಗಳಲ್ಲಿ ಎಷ್ಟೋ ತೊಟ್ಟಿಗಳನ್ನು ನೋಡಿದ್ದೇನೆ. ಅಷ್ಟು ತಿಳಿಯಾದ ನೀರನ್ನು ನಾನು ಇನ್ನೊಮ್ಮೆ ಕಾಣಲಿಲ್ಲ.

ಬೀದಿಯ ಹೆಂಗಸರು ನೋಡಲು ಬರತೊಡಗಿದರು. ಅಕ್ಕ ಮೊದಮೊದಲು ಒಳಕೋಣೆಗೆ ಹೋಗುತ್ತಿದ್ದಳು. ಆಮೇಲೆ ಅವರು ತಪ್ಪು ತಪ್ಪಾಗಿ ಮಾತಾಡಿಕೊಳ್ಳುವುದನ್ನು ಕೇಳಲಾಗದೆ ಬಾಗಿಲಲ್ಲಿ ನಿಂತು ಹೇಳತೊಡಗಿದಳು. "ಅದು ಮೊಟ್ಟೆ ಅಲ್ಲ, ಬಸವನಹುಳು." "ಅಕ್ಕಿ ಹಾಕ್ಬೇಡಿ, ನೀರು ಕೆಡುತ್ತೆ." ಆಮೇಲೆ ಪಕ್ಕದಲ್ಲೇ ಬಂದು ನಿಲ್ಲುತ್ತಿದ್ದಳು. ಒಂದು ದಿನ ಎದುರುಮನೆಯಾಕೆ ಕಂಕುಳಲ್ಲಿದ್ದ ಮಗು ತೊಟ್ಟಿಯೊಳಗೆ ಕೈ ಅದ್ದಿದಾಗ ಮೆಲ್ಲಗೆ ಆ ಕೈಯನ್ನು ಎಳೆದು ತನ್ನ ಸೀರೆಗೆ ಒರೆಸಿ, ಮತ್ತೆ ಒರೆಸಿ, ಮನೆಗೆ ಹೋಗಿ ಸೋಪು ಹಾಕಿ ತೊಳೆದದ್ದು ನಮ್ಮ ಕಿಟಕಿಯಿಂದಲೇ ಕಾಣಿಸಿತು. ಅಕ್ಕನೂ ನೋಡಿದಳು. ಅವತ್ತಿಂದ ಬಂದವರ ಎದುರಿಗೆ ಅವಳು ನೀರಿಗೆ ಕೈ ಹಾಕುತ್ತಿರಲಿಲ್ಲ.

ಮೂರನೇ ವರ್ಷ ಭಾವ ಬಂದರು. ನಂಗಲಿಯ ಹೆದ್ದಾರಿಯಲ್ಲಿ ಲಾರಿ ಟೈರು ರಿಪೇರಿಯ ಅಂಗಡಿ ಅವರದು. ಜೊತೆಗೆ ಅವರ ಕಡೆಯ ಹಿರಿಯರೊಬ್ಬರು, ಕೈಯಲ್ಲಿ ಸ್ಟಾಂಪು ಪೇಪರು. ಇಬ್ಬರ ಒಪ್ಪಿಗೆಯಿಂದ ಬೇರೆಯಾಗಿದ್ದೇವೆ, ಅವರು ಇನ್ನೊಂದು ಮದುವೆಯಾದರೆ ತನ್ನದೇನೂ ತಕರಾರಿಲ್ಲ ಎಂದು ಅಕ್ಕ ಸಹಿ ಮಾಡಬೇಕಾಗಿತ್ತು. ಅಂಥ ಕಾಗದಕ್ಕೆ ಕೋರ್ಟಿನಲ್ಲಿ ಬೆಲೆಯಿಲ್ಲವೆಂದು ನನಗೆ ಗೊತ್ತಿತ್ತು. ಅವರ ಮಾತಿನಲ್ಲಿ ಆಗಲೇ ಹೆಣ್ಣು ನೋಡಿಯಾಗಿದೆ ಎಂಬುದೂ ಗೊತ್ತಾಗುತ್ತಿತ್ತು. ಹಿರಿಯರು ಅಮ್ಮನ ಜೊತೆ ಮಾತಾಡುತ್ತಿದ್ದರೆ ಭಾವ ತಲೆ ತಗ್ಗಿಸಿಕೊಂಡು ಕೂತಿದ್ದರು. ಕೂತ ಕುರ್ಚಿಯ ಪಕ್ಕದಲ್ಲೇ ತೊಟ್ಟಿ. ಸ್ವಲ್ಪ ಹೊತ್ತಿಗೆ ಅವರು ಅತ್ತ ತಿರುಗಿದರು. ಅಕ್ಕ ಕಾಫಿ ತಂದಾಗ ಕೇಳಿದರು. ಅವರ ಮನೆಮಾತು ತೆಲುಗು, ಕನ್ನಡದಲ್ಲೂ ಅದೇ ರಾಗ.

"ಈ ಚೇಪಲು ಏನು ತಿಂತವೆ?"

"ಸೊಳ್ಳೆ ಮರಿ ತಿಂತವೆ ರೀ. ಇಲ್ದಿದ್ರೆ ರಾಗಿ ಹಿಟ್ಟು, ಒಂದೇ ಒಂದು ಚಿಟಿಕೆ."

"ನೀರು ದಿನಾ ಬದಲಾಯಿಸ್ಬೇಕಾ?"

"ಬೇಡ ರೀ. ಗಿಡಗಳೇ ನೋಡ್ಕೊಳ್ತವೆ. ಕಡಿಮೆ ಆದಷ್ಟು ತುಂಬಿಸೋದು, ಅಷ್ಟೇ."

"ಅಯ್ಯೋ, ಅಲ್ಲಿ ಮರಿ ಹಾಕಿದೆ ನೋಡು!"

"ದೊಡ್ಡವು ತಿಂದುಬಿಡ್ತವೆ ರೀ. ಅದಕ್ಕೇ ಹುಲ್ಲು ಒತ್ತಾಗಿ ಬಿಟ್ಟಿದ್ದೀನಿ, ಬಚ್ಚಿಟ್ಟುಕೊಳ್ಳೋಕೆ."

ಹೀಗೇ ಕಾಲು ಗಂಟೆ ಮಾತಾಡಿದರು. ಅಕ್ಕ ಬೆರಳಿಟ್ಟು ತೋರಿಸುತ್ತಿದ್ದಳು, ಕೈ ಮುಚ್ಚಿಕೊಳ್ಳುವುದನ್ನು ಮರೆತಿದ್ದಳು. ಒಂದೂವರೆ ವರ್ಷ ಒಂದೇ ಮನೆಯಲ್ಲಿದ್ದಾಗ ಅವರು ಇಷ್ಟು ಮಾತಾಡಿರಲಿಲ್ಲವಂತೆ, ಆಮೇಲೆ ಅವಳೇ ಹೇಳಿದಳು. ನಾನು ಪೇಪರನ್ನು ಓದಿದೆ. ಅಕ್ಕ ಬಂದು, ಕೈ ಒರೆಸಿಕೊಂಡು, ಎಲ್ಲಿ ಎಂದು ಕೇಳಿ ಸಹಿ ಹಾಕಿದಳು. ಕೆಳಗೆ ಸಾಕ್ಷಿಯೆಂದು ನಾನು ಹಾಕಿದೆ. ಅವರು ಏಳುವಾಗ ಅಕ್ಕ ಒಳಗಿನಿಂದ ಅಗಲ ಬಾಯಿಯ ಗಾಜಿನ ಬಾಟಲಿ ತಂದು, ಅದರಲ್ಲಿ ನೀರು, ಎರಡು ಎಸಳು ಹುಲ್ಲು, ನಾಲ್ಕು ಮೀನು ಹಾಕಿ ಕೊಟ್ಟಳು. "ಬಸ್ಸಲ್ಲಿ ಮುಚ್ಚಳ ಬಿಗಿ ಮಾಡ್ಬೇಡಿ" ಎಂದಳು. ಭಾವ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೋದರು.

ಕೆಲವು ತಿಂಗಳಾದ ಮೇಲೆ ನನ್ನನ್ನು ಆ ಕಡೆಯ ಒಂದು ಸ್ಕೂಲಿಗೆ ಪರೀಕ್ಷೆ ಕೆಲಸಕ್ಕೆ ಹಾಕಿದ್ದರು. ಹೊರಡುವಾಗ ಅಕ್ಕ, "ನಂಗಲಿ ಮೇಲೆ ಹೋದ್ರೆ ಮೀನು ಹೇಗಿವೆ ಕೇಳ್ಕೊಂಡು ಬಾ" ಎಂದಳು. ಹೋದೆ. ಭಾವ ಅಂಗಡಿಯಲ್ಲಿರಲಿಲ್ಲ. ಬಾಟಲಿ ಇತ್ತು. ಅದರಲ್ಲಿ ಸೀಮೆಎಣ್ಣೆ ತುಂಬಿ ತುಕ್ಕು ಹಿಡಿದ ನಟ್ಟು ಬೋಲ್ಟು ನೆನೆಹಾಕಿದ್ದರು. ಮನೆಗೆ ಬಂದು ಅಂಗಡಿ ಮುಚ್ಚಿತ್ತು ಎಂದೆ. "ಮನೇಲಿ ಇಟ್ಟಿರ್ತಾರೆ ಬಿಡು. ಅಂಗಡೀಲಿ ಧೂಳು" ಎಂದಳು ಅಕ್ಕ.

ಆ ಪೇಪರಿಗೆ ಸಹಿ ಬಿದ್ದ ಮೇಲೆ ಅಮ್ಮ ನನ್ನ ಮದುವೆಯ ಮಾತೆತ್ತಿದಳು. ಎರಡು ಸಂಬಂಧಗಳು ಬಂದು, ಮನೆಯೊಳಗೆ ಅಕ್ಕನನ್ನು ನೋಡಿ, ಆಮೇಲೆ ತಿಳಿಸುತ್ತೇವೆ ಎಂದು ಹೋದವರು ತಿಳಿಸಲಿಲ್ಲ. ಮೂರನೆಯದು ಶ್ರೀನಿವಾಸಪುರದ ಕಡೆಯದು, ಮಾವಿನ ತೋಪಿನವರು. ಹುಡುಗಿ ನೋಡಲು ನಾವೇ ಹೋಗಿದ್ದೆವು. ಎಂಬತ್ತರ ದಶಕ ಆಗತಾನೆ ಶುರುವಾಗಿತ್ತು. ಎಲ್ಲ ಒಪ್ಪಿಗೆಯಾಗಿ ಮದುವೆಗೆ ಹತ್ತು ದಿನ ಇರುವಾಗ ಅಮ್ಮ ನನ್ನನ್ನು ಹಿತ್ತಲಿಗೆ ಕರೆದು ಹೇಳಿದಳು.

"ಅವಳು ಮದುವೆ ಮುಗಿಯೋವರೆಗೂ ಕ್ಯಾಲನೂರಿನ ಚಿಕ್ಕಮ್ಮನ ಮನೇಲಿ ಇರ್ಲಿ. ಹೆಣ್ಣಿನ ಕಡೆಯವರು ಮನೆ ತುಂಬ ಬರ್ತಾರೆ. ಎದುರಿಗೆ ಇರೋದು ಬೇಡವಂತೆ."

"ಅವರು ಹಾಗಂದ್ರಾ?"

"ಅಂದ್ರು. ನೀನೇನೂ ಮಾತಾಡ್ಬೇಡ ಈಗ."

ನಾನು ಮಾತಾಡಲಿಲ್ಲ. ಅಕ್ಕನಿಗೆ ಅಮ್ಮನೇ ಹೇಳಿದಳು. ಅಕ್ಕ ಟ್ರಂಕಿನಿಂದ ಎರಡು ಸೀರೆ ತೆಗೆದು ಚೀಲಕ್ಕೆ ತುಂಬಿಕೊಂಡಳು. ಬಸ್ಸಿಗೆ ಬಿಡಲು ನಾನು ಹೋದೆ. ದಾರಿಯುದ್ದಕ್ಕೂ ಅವಳು ಮಾತಾಡಿದ್ದೆಲ್ಲ ತೊಟ್ಟಿಯ ವಿಷಯವೇ. "ಮಳೆನೀರು ಎರಡು ಕೊಡ ಅಡುಗೆಮನೆ ಮೂಲೇಲಿದೆ. ದಿನಾ ಒಂದು ಚೊಂಬು ಹಾಕು. ಸೀರೆ ಸರಿಸೋದು ಬೆಳಗ್ಗೆ ಮಾತ್ರ. ಹಿಟ್ಟು ನೀನೇ ಹಾಕು, ನೆಂಟರ ಕೈಲಿ ಕೊಡ್ಬೇಡ. ಅವರು ಪ್ರೀತಿಗೆ ಜಾಸ್ತಿ ಹಾಕಿಬಿಡ್ತಾರೆ."

"ನೋಡ್ಕೊಳ್ತೀನಿ ಅಕ್ಕ, ನೀನು ಯೋಚನೆ ಮಾಡ್ಬೇಡ" ಎಂದೆ.

ಮದುವೆ ಹೆಣ್ಣಿನ ಊರಿನಲ್ಲಿ ಆಯಿತು. ಮಾರನೇ ದಿನ ಮಧ್ಯಾಹ್ನ ಹೆಣ್ಣನ್ನು ಕರೆದುಕೊಂಡು ಮಾಲೂರಿಗೆ ಬಂದೆವು. ಬಾಗಿಲಲ್ಲಿ ಆರತಿ. ಅಮ್ಮನ ಅಕ್ಕ, ನಮ್ಮ ದೊಡ್ಡಮ್ಮ, ದೊಡ್ಡ ಹಿತ್ತಾಳೆ ತಟ್ಟೆಯ ತುಂಬ ಅರಿಶಿನ, ಸುಣ್ಣ ಕಲಸಿದ ಕೆಂಪು ನೀರು ಮಾಡಿಕೊಂಡು ನಿಂತಿದ್ದಳು. ಎತ್ತಿದಳು, ಹಣೆಗಿಟ್ಟಳು. ಚಪ್ಪರದ ತುಂಬ ಜನ, ಚೆಲ್ಲಲು ಜಾಗವಿರಲಿಲ್ಲ.

"ತುಳಿಯೋ ಜಾಗದಲ್ಲಿ ಚೆಲ್ಲಬಾರ್ದು, ಗಿಡಕ್ಕೆ ಹಾಕ್ತೀನಿ ತಾಳ್ರೇ" ಎಂದು ಒಳಗೆ ತಿರುಗಿದಳು. ದೊಡ್ಡಪತ್ರೆ ಕುಂಡಕ್ಕೆ ಹಾಕುತ್ತಾಳೆ ಎಂದುಕೊಂಡೆ. ಕುಂಡವನ್ನು ಯಾರೋ ಹಿತ್ತಲಿಗೆ ಸಾಗಿಸಿದ್ದರು. ದೊಡ್ಡಮ್ಮ ತೊಟ್ಟಿಯ ಮೇಲಿನ ಹಲಗೆ ಸರಿಸಿ, ಪೂರ್ತಿ ತಟ್ಟೆಯನ್ನು ಅದರೊಳಗೆ ಬಗ್ಗಿಸಿದಳು. "ಇವೂ ಗಿಡಾನೇ ತಾನೆ" ಎಂದು ನಕ್ಕಳು.

ನಾನು ಹೊಸ್ತಿಲಲ್ಲಿ ನಿಂತಿದ್ದೆ, ಕೊರಳಲ್ಲಿ ಹಾರ, ಪಕ್ಕದಲ್ಲಿ ಹೆಂಡತಿ. ಕೆಂಪು ನೀರು ಮೋಡದ ಹಾಗೆ ಇಳಿದು ಹುಲ್ಲಿನೊಳಗೆ ಸುತ್ತಿಕೊಳ್ಳುವುದು ಸ್ಪಷ್ಟವಾಗಿ ಕಾಣಿಸಿತು. ಮೀನುಗಳು ಮೇಲಕ್ಕೆ ನುಗ್ಗಿದವು. ಸುಣ್ಣದ ನೀರು ಏನು ಮಾಡುತ್ತದೆಂದು ಆ ಮನೆಯಲ್ಲಿ ತಿಳಿದಿದ್ದವನು ನಾನೊಬ್ಬನೇ. ಆ ಕ್ಷಣ ಒಂದು ಮಾತು ಹೇಳಿ, ನಾಲ್ಕು ಬಕೆಟ್ ನೀರು ತೆಗೆದು, ಅಕ್ಕ ಇಟ್ಟಿದ್ದ ಮಳೆನೀರು ಸುರಿದಿದ್ದರೆ ಬಹುಶಃ ಉಳಿಯುತ್ತಿತ್ತು. "ಬಲಗಾಲಿಡಪ್ಪ" ಎಂದರು ಯಾರೋ. ಬಲಗಾಲಿಟ್ಟು ಒಳಗೆ ಹೋದೆ.

ಅವತ್ತು ಸಂಜೆ ಮತ್ತೆ ಆರತಿ, ಮಾರನೇ ದಿನ ಪೂಜೆಯದು ಎರಡು. ಒಬ್ಬರು ಮಾಡಿದ್ದನ್ನು ನೋಡಿ ಇನ್ನೊಬ್ಬರು, ಎಲ್ಲ ನೀರೂ ಅಲ್ಲಿಗೇ ಹೋಯಿತು. ನಾನು ಪ್ರತಿ ಸಲವೂ ಅಲ್ಲೇ ಇದ್ದೆ. ಮೊದಲ ಸಲ ಸುಮ್ಮನಿದ್ದವನಿಗೆ ಎರಡನೇ ಸಲ ಬಾಯಿ ತೆರೆಯುವುದು ಇನ್ನೂ ಕಷ್ಟ. ಹೊಸ ನೆಂಟರ ಎದುರಿಗೆ ಶುಭದ ನೀರನ್ನು ಬೇಡವೆನ್ನುವುದು ಹೇಗೆ, ಆ ತೊಟ್ಟಿ ಯಾರದ್ದು ಎಂದು ಕೇಳಿದರೆ ಏನು ಹೇಳುವುದು ಎಂದು ಯೋಚಿಸಿದ್ದು ನೆನಪಿದೆ. ಸತ್ತ ಮೀನುಗಳನ್ನು ಮೂರನೇ ದಿನ ಅಮ್ಮ ಜಾಲರಿಯಲ್ಲಿ ಬಾಚಿ ಹಿತ್ತಲಿಗೆ ಎಸೆದಳು. ಹುಲ್ಲು ಬೇಯಿಸಿದ ಸೊಪ್ಪಿನ ಹಾಗೆ ತಳಕ್ಕೆ ಮಲಗಿತ್ತು.

ಆರನೇ ದಿನ ಅಕ್ಕ ಬಂದಳು. ಹೊಸಬಳನ್ನು ನೋಡಿ ನಕ್ಕು, "ಚೆನ್ನಾಗಿದ್ದೀಯೇನಮ್ಮ" ಎಂದಳು. ಆಮೇಲೆ ತೊಟ್ಟಿಯ ಕಡೆ ತಿರುಗಿದಳು. ನೀರು ಅರಿಶಿನದ ಬಟ್ಟೆ ತೊಳೆದ ನೀರಿನ ಬಣ್ಣದಲ್ಲಿತ್ತು. ಪುಟ್ಟಿಗೂ ಬಣ್ಣ ಹತ್ತಿತ್ತು. ಅವಳು ಬಗ್ಗಿ ವಾಸನೆ ನೋಡಿದಳು.

"ಏನು ಬಿತ್ತು ಇದಕ್ಕೆ?"

ನಾನೇ, "ಆರತಿ ನೀರು ಅಕ್ಕ. ದೊಡ್ಡಮ್ಮ ಗೊತ್ತಿಲ್ದೆ ಹಾಕಿಬಿಟ್ಲು" ಎಂದೆ.

"ನೀನು ಇರ್ಲಿಲ್ವಾ ಆಗ?"

"ಇದ್ದೆ."

"ಹೋಗ್ಲಿ ಬಿಡು. ಒಳ್ಳೇದಕ್ಕೆ ಅಂತ್ಲೇ ಹಾಕಿರ್ತಾಳೆ" ಎಂದು ಸೆರಗು ಸಿಕ್ಕಿಸಿಕೊಂಡು ರಬ್ಬರ್ ಕೊಳವೆ ತಂದಳು. ಮಧ್ಯಾಹ್ನವೆಲ್ಲ ನೀರು ತೆಗೆದು, ಮರಳು, ಮಣ್ಣು ಬಾಚಿ, ಗಾಜನ್ನು ಒರೆಸಿ ಖಾಲಿ ಮಾಡಿದಳು. ನನ್ನ ಹೆಂಡತಿ ಸಹಾಯಕ್ಕೆ ಹೋದರೆ "ಹೊಸ ಸೀರೆ, ಕಲೆ ಆಗುತ್ತಮ್ಮ" ಎಂದು ದೂರ ಕೂರಿಸಿದಳು.

ಹದಿನೈದು ದಿನ ಬಿಟ್ಟು ನಾನು ಹೆಂಚಿನ ಕಾರ್ಖಾನೆಯ ಗುಂಡಿಗಳ ಕಡೆ ಹೋದೆ. ಆ ವರ್ಷ ಅವನ್ನು ಒಡೆದ ಹೆಂಚು, ಬೂದಿ ತುಂಬಿ ಮುಚ್ಚುತ್ತಿದ್ದರು. ಬೇರೆ ಕೆರೆಯಿಂದ ಗಿಡ ತಂದು ನಾನೇ ನೆಟ್ಟೆ, ಅವಳು ಮಾಡಿದ ಹಾಗೇ ಎಲ್ಲ. ಅಕ್ಕ ಅಡುಗೆಮನೆಯ ಬಾಗಿಲಿನಿಂದ ನೋಡುತ್ತಿದ್ದಳು, ಹತ್ತಿರ ಬರಲಿಲ್ಲ. ತಿಂಗಳಾಗುವ ಮುಂಚೆಯೇ ಎಲ್ಲ ಕೊಳೆಯಿತು. ಮತ್ತೊಮ್ಮೆ ತರುತ್ತೇನೆ ಎಂದಾಗ, "ಬೇಡ ಕಣೋ. ಸಾಕು. ನಾನು ಚಿಕ್ಕಮ್ಮನ ಮನೇಗೇ ಹೋಗ್ತೀನಿ. ಅಲ್ಲಿ ಹಸು ನೋಡ್ಕೊಳ್ಳೋಕೆ ಜನ ಬೇಕಂತೆ" ಎಂದಳು. ಚಿಕ್ಕಮ್ಮನಿಗೆ ಗಂಡ ಇರಲಿಲ್ಲ, ಮಕ್ಕಳಿರಲಿಲ್ಲ. ಮೂರು ಹಸು ಇಟ್ಟುಕೊಂಡು ಡೇರಿಗೆ ಹಾಲು ಹಾಕುತ್ತಿದ್ದಳು. ಅಮ್ಮ ಬೇಡ ಅನ್ನಲಿಲ್ಲ. ನಾನೂ ಬಾಯಿ ಮಾತಿಗೆ ಒಂದು ಸಲ ಬೇಡ ಎಂದೆ.

ಅವಳು ಹೋದ ಮೇಲೆ ಒಂದು ದಿನ ಹೆಂಡತಿ ಕೇಳಿದಳು.

"ಅತ್ತಿಗೆ ಯಾಕೆ ರೀ ಇಲ್ಲಿರಲ್ಲ? ನನ್ನಿಂದ ಏನಾದ್ರೂ ತಪ್ಪಾಯ್ತಾ?"

"ನಿಮ್ಮವರೇ ಎದುರಿಗೆ ಇರೋದು ಬೇಡ ಅಂದಿದ್ರಲ್ಲ" ಎಂದೆ, ಸ್ವಲ್ಪ ಒರಟಾಗಿಯೇ.

ಅವಳು ಬೆಚ್ಚಿದಳು. "ನಮ್ಮವರು ಹಾಗೆ ಯಾವಾಗಂದ್ರು? ನಮ್ಮಪ್ಪನಿಗೆ ಎಲ್ಲ ಮೊದ್ಲೇ ಗೊತ್ತಿತ್ತು. ಮದುವೇಲಿ ಅತ್ತಿಗೆ ಯಾಕೆ ಕಾಣಿಸ್ಲಿಲ್ಲ ಅಂತ ನಮ್ಮಮ್ಮ ನನ್ನನ್ನೇ ಕೇಳಿದ್ರು."

ಅಮ್ಮ ಹಿತ್ತಲಲ್ಲಿ ಬೆರಣಿ ತಟ್ಟುತ್ತಿದ್ದಳು. ಹೋಗಿ ಕೇಳಿದೆ. ಅವಳು ಕೈ ನಿಲ್ಲಿಸಲಿಲ್ಲ. "ಅವರು ಹೇಳೋವರೆಗೂ ಕಾಯ್ಬೇಕಿತ್ತಾ? ಎರಡು ಸಂಬಂಧ ಹೋಗಿರ್ಲಿಲ್ವಾ ಹಾಗೇ? ನೀನೊಬ್ಬನಾದ್ರೂ ನೆಟ್ಟಗೆ ಬಾಳಲಿ ಅಂತ ಮಾಡ್ದೆ" ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ನಾನು ಜಗಳವಾಡಲಿಲ್ಲ. ಆ ಮಾತನ್ನು ಅಕ್ಕನಿಗೆ ಹೇಳಲೂ ಇಲ್ಲ. ಯಾರೋ ಹೊರಗಿನವರು ತನ್ನನ್ನು ಬೇಡವೆಂದರು ಎಂದುಕೊಂಡೇ ಅವಳು ಇರಲಿ, ಹೆತ್ತ ತಾಯಿ ಎಂದು ತಿಳಿಯುವುದು ಬೇಡ ಅನ್ನಿಸಿತು. ಅದೂ ಒಂದು ನೆಪವೇ ಇರಬೇಕು. ಹೇಳಿದ್ದರೆ ನನ್ನ ಪಾಲನ್ನೂ ಹೇಳಬೇಕಾಗುತ್ತಿತ್ತು.

ಕ್ಯಾಲನೂರಿನಲ್ಲಿ ಅಕ್ಕ ಏಳು ವರ್ಷ ಇದ್ದಳು. ಹುಲ್ಲು ಕೊಯ್ಯುತ್ತಿದ್ದಳು, ಕೊಟ್ಟಿಗೆ ಗುಡಿಸುತ್ತಿದ್ದಳು, ಹಸುಗಳ ಮೈ ತೊಳೆಯುತ್ತಿದ್ದಳು. ಮೊದಲ ವಾರ ಹಾಲಿನ ಕ್ಯಾನು ಹೊತ್ತುಕೊಂಡು ಡೇರಿಗೆ ಹೋದಾಗ ಸಾಲಿನಲ್ಲಿದ್ದವರು ಗೊಣಗಿದರಂತೆ. ಆಮೇಲೆ ಹಾಲು ಕರೆಯುವುದು, ಹಾಕುವುದು ಎರಡೂ ಚಿಕ್ಕಮ್ಮನದೇ ಆಯಿತು. ನಾನು ಎರಡು ಮೂರು ತಿಂಗಳಿಗೊಮ್ಮೆ ಹೋಗುತ್ತಿದ್ದೆ. ನನ್ನ ಮಗಳು ಹುಟ್ಟಿದಾಗ ಎತ್ತಿಕೊಂಡು ಹೋದೆ. ಅಕ್ಕ ದೂರದಿಂದಲೇ ನೋಡಿ "ಚೆನ್ನಾಗಿದ್ದಾಳೆ, ಅಮ್ಮನ ಮೂಗು" ಎಂದಳು. "ಎತ್ಕೊಳ್ಳಿ ಅತ್ತಿಗೆ" ಎಂದು ಹೆಂಡತಿ ಮಗುವನ್ನು ಅವಳ ತೊಡೆಯ ಮೇಲೆ ಇಡಲು ಹೋದಾಗ, ಕೈ ಸಗಣಿಯಾಗಿದೆ ಎಂದು ಎದ್ದುಹೋದಳು. ಕೈ ಸಗಣಿಯಾಗಿರಲಿಲ್ಲ. ಅಷ್ಟು ಹೊತ್ತಿಗೆ ಬಿಳುಪು ಮೊಣಕೈವರೆಗೂ ಏರಿತ್ತು.

ಎಂಬತ್ತರ ದಶಕದ ಕೊನೆಯ ಹೊತ್ತಿಗೆ ಒಂದು ಮಳೆಗಾಲದಲ್ಲಿ ಅವಳಿಗೆ ಜ್ವರ ಬಂತು. ಹತ್ತು ದಿನ ಯಾರಿಗೂ ಹೇಳದೆ ಕೆಲಸ ಮಾಡಿದಳಂತೆ. ಕೋಲಾರದ ಆಸ್ಪತ್ರೆಗೆ ಸೇರಿಸಿದಾಗ ತಡವಾಗಿತ್ತು ಎಂದರು. ನಾನು ಹೋದ ದಿನ ಎಚ್ಚರ ಇತ್ತು. "ಸ್ಕೂಲಿಗೆ ರಜಾ ಹಾಕಿ ಬಂದ್ಯಾ? ಯಾಕೋ, ಮಕ್ಕಳಿಗೆ ಪಾಠ ಹೋಗುತ್ತೆ" ಎಂದಳು. ಮೂರನೇ ದಿನ ಬೆಳಗ್ಗೆ ಹೋದಳು. ನಂಗಲಿಗೆ ಸುದ್ದಿ ಕಳಿಸಿದ್ದೆ, ಆ ಕಡೆಯಿಂದ ಯಾರೂ ಬರಲಿಲ್ಲ.

ಅವಳ ಹತ್ತಿರ ನಾನು ಕ್ಷಮೆ ಕೇಳಲಿಲ್ಲ. ಕೇಳಬಹುದಾಗಿದ್ದ ಸಂದರ್ಭಗಳು ಒಂದೆರಡಲ್ಲ. ಚಿಕ್ಕಮ್ಮನ ಮನೆಯ ಕಟ್ಟೆಯ ಮೇಲೆ ಇಬ್ಬರೇ ಕೂತಿರುತ್ತಿದ್ದೆವು, ಅವಳು ಹುಲ್ಲಿನ ಕಂತೆ ಬಿಚ್ಚುತ್ತಿದ್ದಳು. ಈಗ ಹೇಳಬೇಕು ಅನ್ನಿಸುತ್ತಿತ್ತು. ಅಷ್ಟರಲ್ಲಿ ಅವಳೇ, "ಹೊರಡು, ಬಸ್ಸು ತಪ್ಪಿಹೋಗುತ್ತೆ" ಎನ್ನುತ್ತಿದ್ದಳು. ನಾನು ಎದ್ದು ಹೊರಡುತ್ತಿದ್ದೆ.